‘ಕುಡೀತಾನೇ ಇದಾವೆ ಡಾಕ್ಟ್ರೇ’

ಸೋಮವಾರಪೇಟೆ ಕಡೆಯ ಒಂದು ಮನೆಯಲ್ಲಿ ಈ ವಾರ ಕೇಳಿದ ಮಾತು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. ಯಾರ್ಕ್‌ಶೈರ್ ಹಂದಿಯೊಂದರ ಎರಡು ದಿನದ ಮರಿಗಳು ಒಂದೊಂದಾಗಿ ಮಂಕಾಗುತ್ತಿದ್ದವು. ಹಾಲು ಸಿಗುತ್ತಿದೆಯೇ ಎಂದು ಕೇಳಿದಾಗಲೆಲ್ಲ ಯಜಮಾನರ ಮಗ, ‘ಕುಡೀತಾನೇ ಇದಾವೆ ಡಾಕ್ಟ್ರೇ, ಬಿಟ್ಟೇ ಇಲ್ಲ’ ಎಂದು ತುಸು ಅಸಹನೆಯಿಂದಲೇ ಹೇಳುತ್ತಿದ್ದ.

ಅವನಿಗೆ ಅದು ಆರೋಗ್ಯದ ಲಕ್ಷಣ. ನನಗೆ ಅರ್ಧ ರೋಗನಿರ್ಣಯ. ತಾಯಿ ಹಂದಿ ಹೆಚ್ಚುಕಡಿಮೆ ಗಂಟೆಗೊಮ್ಮೆ ಮೊಲೆಯೂಡಿಸುತ್ತದೆ, ಹಾಲು ಇಳಿಯುವುದು ಅರ್ಧ ನಿಮಿಷಕ್ಕಿಂತಲೂ ಕಡಿಮೆ ಹೊತ್ತು, ಹೊಟ್ಟೆ ತುಂಬಿದ ಮರಿಗಳು ಆಮೇಲೆ ಒತ್ತಾಗಿ ಬಿದ್ದು ನಿದ್ದೆ ಹೋಗುತ್ತವೆ. ಬಿಡದೆ ಮೊಲೆ ಚೀಪುತ್ತಿವೆ ಎಂದರೆ ಅಲ್ಲಿ ಹಾಲಿಲ್ಲ ಎಂದೇ ಅರ್ಥ. ಎರಡು ಮರಿಗಳು ಬೆಳಗಿನಿಂದ ಗುಂಪು ಬಿಟ್ಟು ಮೂಲೆಯಲ್ಲಿ ಮಲಗಿವೆ ಎಂದು ಮೆಲ್ಲಗೆ ತಿಳಿಸಿದವರು ಸೊಸೆ; ಆ ಮನೆಯಲ್ಲಿ ಹಂದಿಗಳನ್ನು ನಿಜವಾಗಿ ನೋಡುವವರು ಅವರೊಬ್ಬರೇ ಎಂದು ನನಗನ್ನಿಸಿತು.

ಮೂಲೆಯ ಮರಿಗಳ ಮೈ ತಣ್ಣಗಿತ್ತು. ಒಂದು ಮರಿ ಮಗ್ಗುಲಾಗಿ ಬಿದ್ದು, ತಲೆಯನ್ನು ಹಿಂದಕ್ಕೆ ಸೆಟೆಸಿ, ಈಜುವಂತೆ ಕಾಲಾಡಿಸುತ್ತಿತ್ತು, ಬಾಯಂಚಿನಲ್ಲಿ ನೊರೆಯಿತ್ತು. ಯಜಮಾನರು ತಮ್ಮ ಸಕ್ಕರೆ ಕಾಯಿಲೆಗೆ ಇಟ್ಟುಕೊಂಡಿದ್ದ ಗ್ಲುಕೋಮೀಟರನ್ನೇ ತಂದುಕೊಟ್ಟರು. ಮನುಷ್ಯರ ಯಂತ್ರ ಹಂದಿಯ ರಕ್ತಕ್ಕೆ ಕರಾರುವಾಕ್ಕಲ್ಲದಿದ್ದರೂ ಅಂದಾಜಿಗೆ ಸಾಕು. 90ರ ಮೇಲಿರಬೇಕಾದ ಅಂಕಿ 28 ಎಂದು ತೋರಿದಾಗ ಅವರು, ‘ನನ್ನದರಲ್ಲಿ ಸ್ವಲ್ಪ ಇದಕ್ಕೆ ಕೊಡೋ ಹಾಗಿದ್ದಿದ್ರೆ!’ ಎಂದರು.

ಹುಟ್ಟುವಾಗ ಹಂದಿಮರಿಯ ಮೈಯಲ್ಲಿ ಕೊಬ್ಬು ಶೇ 2ರ ಆಸುಪಾಸು ಮಾತ್ರ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ಒಂದು ದಿನದೊಳಗೆ ಬಹುಪಾಲು ಮುಗಿಯುತ್ತದೆ, ಹೊಸದಾಗಿ ಗ್ಲೂಕೋಸ್ ತಯಾರಿಸಿಕೊಳ್ಳುವ ಶಕ್ತಿ ಮೊದಲ ವಾರದಲ್ಲಿ ಇನ್ನೂ ಬಲಿತಿರುವುದಿಲ್ಲ; ಮಳೆಗಾಲದ ಚಳಿಯಲ್ಲಂತೂ ಇದ್ದಬದ್ದದ್ದೂ ಮೈ ಬಿಸಿಗೇ ಖರ್ಚಾಗುತ್ತದೆ. ಇಂಥ ಮರಿಗಳಿಗೆ ಪೇಟೆಯ ಔಷಧ ಅಂಗಡಿಯವರು ಫೋನಿನಲ್ಲೇ ಸೆಳೆತದ ಮದ್ದು ಹೇಳಿದ್ದರಂತೆ. ಕೇಳಿದ್ದಕ್ಕೆಲ್ಲ ಮದ್ದು ಹೇಳುವ ಈ ಉತ್ಸಾಹ ನನಗೆಂದೂ ಹಿಡಿಸಿಲ್ಲ.

ಹಿಂಗಾಲು ಹಿಡಿದು ಮರಿಯನ್ನು ತಲೆಕೆಳಗಾಗಿಸಿದರೆ ಕರುಳು ಎದೆಯ ಕಡೆಗೆ ಜಾರಿ ಸೂಜಿಗೆ ಜಾಗವಾಗುತ್ತದೆ. ಮೈ ಬಿಸಿಗೆ ತಂದ ಶೇ 5ರ ಗ್ಲೂಕೋಸನ್ನು ತಲಾ 15 ಮಿ.ಲೀ.ನಂತೆ ಹೊಟ್ಟೆಯ ಪೊರೆಯೊಳಗೆ ಕೊಟ್ಟು, ಬಲ್ಬಿನ ಕೆಳಗೆ ಗೋಣಿ ಹಾಸಿ ಮಲಗಿಸಿದೆವು. ಕಾಲಾಡಿಸುತ್ತಿದ್ದ ಮರಿ ಸ್ವಲ್ಪ ಹೊತ್ತಿನಲ್ಲೇ ಎದ್ದು ತೂರಾಡುತ್ತ ನಿಂತದ್ದರಿಂದ ರೋಗ ರಕ್ತದಲ್ಲಿ ಸಕ್ಕರೆ ಕುಸಿದದ್ದೇ ಎಂಬುದು ಇನ್ನಷ್ಟು ಖಚಿತವಾಯಿತು, ಇನ್ನೊಂದು ಉಳಿಯಲಿಲ್ಲ.

ತಾಯಿ ಮಾತ್ರ ಮೊಲೆಗಳನ್ನು ಅಡಗಿಸಿ ಬೋರಲು ಮಲಗಿತ್ತು. ಜ್ವರ 105 ಡಿಗ್ರಿ ಇತ್ತು, ಕೆಚ್ಚಲು ಗಟ್ಟಿಯಾಗಿ ಸುಡುತ್ತಿತ್ತು. ಉರಿಯೂತಕ್ಕೂ ಸೋಂಕಿಗೂ ಮದ್ದು ಕೊಟ್ಟು, ಹಾಲಿಳಿಯಲು ಆಕ್ಸಿಟೋಸಿನ್ ಚುಚ್ಚಿ, ಮಗನ ಬೆರಳನ್ನೇ ಹಿಡಿದು ಒಂದು ಮೊಲೆಯನ್ನು ಹಿಂಡಿಸಿದೆ. ಒಂದು ಹನಿಯೂ ಬರಲಿಲ್ಲ. ಆಗಲೂ ಅವನು, ‘ಆದ್ರೂ ಕುಡೀತಾನೇ ಇದ್ವಲ್ಲ ಡಾಕ್ಟ್ರೇ’ ಎಂದ. ನಾಲ್ಕೈದು ಗಂಟೆಗೊಮ್ಮೆ ಗ್ಲೂಕೋಸ್ ಕುಡಿಸುವ ಕೆಲಸವನ್ನು ಸೊಸೆಗೆ ಒಪ್ಪಿಸಿ ಬಂದೆ.