ಖಾಲಿ ಟಬ್ಬಿನ ತೂಕ

ಗೇರುಬೀಜದ ಫ್ಯಾಕ್ಟರಿಯಲ್ಲಿ ನಾನು ರೈಟರ್. ಸಿಪ್ಪೆ ತೆಗೆಯುವ ಹೆಂಗಸರ ತಿರುಳನ್ನು ಮಧ್ಯಾಹ್ನಕ್ಕೊಮ್ಮೆ, ಸಂಜೆಗೊಮ್ಮೆ ತೂಗಿ ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ಅವರದು ಕಿಲೋ ಲೆಕ್ಕದ ಸಂಬಳ.

ಒಂದು ಸಂಜೆ ಸಾಲಿನಲ್ಲಿದ್ದ ಹಿರಿಯ ಅಕ್ಕ ಒಬ್ಬರು ಕೇಳಿದರು, "ರೈಟ್ರೇ, ಈ ಟಬ್ಬು ಒಂದು ಕಿಲೋ ಉಂಟಾ?"

ತಗಡಿನ ಟಬ್ಬು ಇದ್ದಾಗ ಅದರ ತೂಕವೆಂದು ಒಂದು ಕಿಲೋ ಕಳೆಯುತ್ತಿದ್ದೆವು. ಪ್ಲಾಸ್ಟಿಕ್ ಬಂದು ಏಳು ತಿಂಗಳಾಗಿದ್ದರೂ ಅಷ್ಟೇ ಕಳೆಯುತ್ತಿದ್ದೆವು. ಖಾಲಿ ಮಾಡಿ ತಕ್ಕಡಿ ಮೇಲಿಟ್ಟೆ. 650 ಗ್ರಾಂ. ಎಲ್ಲರೂ ಕತ್ತು ಚಾಚಿ ನೋಡಿದರು, ಯಾರೂ ಮಾತಾಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ತಕ್ಕಡಿಯದೇನೂ ತಪ್ಪಿಲ್ಲ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಆ ವರ್ಷದ್ದೇ. ಸುಳ್ಳು ಇದ್ದದ್ದು ನನ್ನ ಪುಸ್ತಕದಲ್ಲಿ. ದಿನಕ್ಕೆ ಎರಡು ತೂಕ, 700 ಗ್ರಾಂ. 26 ದಿನಕ್ಕೆ 18 ಕಿಲೋ ಚಿಲ್ಲರೆ. ಒಬ್ಬೊಬ್ಬರಿಗೂ ತಿಂಗಳಿಗೆ ಸುಮಾರು ಎರಡು ದಿನದ ದುಡಿಮೆ ಹೋಗಿತ್ತು.

ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ತೂಕದ ಕಲ್ಲು ಇಟ್ಟುಕೊಳ್ಳಬಾರದು ಅಂತ ಬೈಬಲಿನ ಧರ್ಮೋಪದೇಶಕಾಂಡ 25ರಲ್ಲಿದೆ. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ, ದಿನಸಿ ಅಂಗಡಿಯವರಿಗೆ ಹೇಳಿದ್ದು ಅಂದುಕೊಂಡಿದ್ದೆ. ನಮ್ಮದೇ ಪ್ಯಾಕಿಂಗ್ ಕೋಣೆಯಲ್ಲಿ ಡಬ್ಲ್ಯೂ 320 ದರ್ಜೆ ಅಂದರೆ ಪೌಂಡಿಗೆ 300ರಿಂದ 320 ತಿರುಳು. ಅದನ್ನು ಎಣಿಸಿ ನೋಡುತ್ತೇವೆ. ಹೆಚ್ಚುಕಮ್ಮಿಯಾದರೆ ಖರೀದಿದಾರ ಸರಕನ್ನೇ ವಾಪಸ್ ಕಳಿಸುತ್ತಾನೆ. ಸಿಪ್ಪೆ ತೆಗೆಯುವವರು ಏನನ್ನು ವಾಪಸ್ ಕಳಿಸಿಯಾರು?

ಮರುದಿನದಿಂದ 650 ಕಳೆಯಲು ಧಣಿಗಳು ಕೂಡಲೇ ಒಪ್ಪಿದರು. ಹಿಂದಿನದು? "ಬೇಕಂತ ಮಾಡಿದ್ದಲ್ಲವಲ್ಲ ಮಾರಾಯ."

ನಿಜ. ಮೋಸದಿಂದ ಪಡೆದದ್ದಕ್ಕೆ ಐದನೇ ಒಂದು ಪಾಲು ಸೇರಿಸಿ ಹಿಂದಿರುಗಿಸು ಅನ್ನುವ ಯಾಜಕಕಾಂಡದ ಮಾತಾಗಲಿ, ನಾಲ್ಕರಷ್ಟು ಕೊಡುತ್ತೇನೆಂದು ಯೇಸುವಿನ ಮುಂದೆ ಹೇಳಿದ ಸುಂಕದವ ಜಕ್ಕಾಯನ ಮಾತಾಗಲಿ ಗೊತ್ತಿದ್ದೂ ಮಾಡಿದವರ ಕುರಿತು. ಆದರೆ ಈಗ ನಮಗೂ ಗೊತ್ತಾಗಿತ್ತಲ್ಲ. ಇದನ್ನೆಲ್ಲ ಧಣಿಗಳ ಮುಂದೆ ಹೇಳಲಿಲ್ಲ. ಕೆಲಸದ ಜಾಗದಲ್ಲಿ ಬೈಬಲ್ ವಚನ ಒಪ್ಪಿಸುವವರನ್ನು ಕಂಡರೆ ನನಗೇ ಆಗದು. ಏಳು ತಿಂಗಳ ಲೆಕ್ಕವನ್ನು ಹೆಸರುವಾರು ಬರೆದು ಮೇಜಿನ ಮೇಲಿಟ್ಟೆ. ಎರಡು ವಾರ ಅಲ್ಲೇ ಬಿದ್ದಿತ್ತು. ಕೊನೆಗೆ ಅಸಲು ಮಾತ್ರ, ಅದೂ ಮೂರು ಕಂತಿನಲ್ಲಿ. ಕೆಲಸ ಬಿಟ್ಟು ಹೋದ ನಾಲ್ವರಲ್ಲಿ ಇಬ್ಬರ ವಿಳಾಸ ಸಿಕ್ಕಿಲ್ಲ, ಅವರ ಲಕೋಟೆ ಇನ್ನೂ ನನ್ನ ಡ್ರಾಯರಿನಲ್ಲಿದೆ.

ಆ ಅಕ್ಕ ಹಣ ಎಣಿಸಿ ಸೆರಗಿಗೆ ಕಟ್ಟಿಕೊಂಡರು. ಮರುದಿನ ತೂಕಕ್ಕೆ ಬಂದವರು ಮೊದಲು ಖಾಲಿ ಟಬ್ಬು ಇಟ್ಟು, ಅಂಕಿ ಓದಿಕೊಂಡು, ಆಮೇಲೆ ತಿರುಳು ಸುರಿದರು. ಈಗ ಎಲ್ಲರೂ ಹಾಗೇ ಮಾಡುತ್ತಾರೆ. ಸಂಜೆಯ ಸಾಲು ಕರಗಲು ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ.