ಊರಲ್ಲೇ ಉಳಿದ ಪುಸ್ತಕಗಳು

ಐರಿಶ್ ಮೂಲದ ಗೆಳೆಯನೊಬ್ಬ ತನ್ನ ಮುತ್ತಜ್ಜಿ ಬ್ರಿಜೆಟ್‌ಳ ಊರು ಹುಡುಕುತ್ತಿದ್ದಾನೆ. ಸುಮ್ನೆ ಜೊತೆಗೆ ಕೂತ ನನಗೂ ಈಗ ಅದೇ ಹುಚ್ಚು.

1922ರ ಐರ್ಲೆಂಡಿನ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿ ಬಹುಪಾಲು ಬೂದಿ. ಪ್ರಾಟೆಸ್ಟಂಟ್ ಚರ್ಚಿನ ಎಷ್ಟೋ ರಿಜಿಸ್ಟರ್‌ಗಳೂ ಹೋದವು. ಕ್ಯಾಥೋಲಿಕರ ಪುಸ್ತಕಗಳು ಮಾತ್ರ ಆಯಾ ಊರಿನ ಪಾದ್ರಿಗಳ ಹತ್ತಿರವೇ ಇದ್ದವು, ಉಳಿದುಕೊಂಡವು. ಸರ್ಕಾರದ ಕೈಗೆ ಕೊಡದಿದ್ದದ್ದೇ ಒಳ್ಳೇದಾಯ್ತು ಅಲ್ವಾ? 2015ರಿಂದ ಅವುಗಳ ಚಿತ್ರಗಳನ್ನು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಆನ್‌ಲೈನ್‌ನಲ್ಲಿ ಪುಕ್ಕಟೆ ತೋರಿಸುತ್ತಿದೆ.

ಈ ಪುಸ್ತಕಗಳಲ್ಲಿ ಒಂದು ಜ್ಞಾನಸ್ನಾನಕ್ಕೆ, ಅಂದರೆ ಮಗುವನ್ನು ಚರ್ಚಿಗೆ ಸೇರಿಸಿಕೊಳ್ಳುವ ಶಾಸ್ತ್ರಕ್ಕೆ, ಹೆಚ್ಚೆಂದರೆ ಒಂದೆರಡು ಸಾಲು. ತಾರೀಖು, ಮಗು, ಅಪ್ಪ, ತವರಿನ ಅಡ್ಡಹೆಸರಿನೊಂದಿಗೆ ತಾಯಿಯ ಹೆಸರು, ಆ ಶಾಸ್ತ್ರದಲ್ಲಿ ಮಗುವಿನ ಪರವಾಗಿ ನಿಲ್ಲುವ ಗಾಡ್‌ಫಾದರ್, ಗಾಡ್‌ಮದರ್. ಈ ಕೊನೆಯ ಇಬ್ಬರನ್ನು ಬಿಡಬಾರದು. ಎಷ್ಟೋ ಸಲ ಅವರು ಸೋದರಮಾವನೋ ಚಿಕ್ಕಮ್ಮನೋ ಆಗಿರುತ್ತಾರೆ, ಅಲ್ಲಿಂದ ಇನ್ನೊಂದು ಮನೆಯ ದಾರಿ ಸಿಗುತ್ತದೆ.

ಸತ್ತವರ ಲೆಕ್ಕ ಇಷ್ಟು ಸುಲಭವಲ್ಲ. ಹಳ್ಳಿಯ ಕ್ಯಾಥೋಲಿಕ್ ಚರ್ಚುಗಳಲ್ಲಿ ಮಣ್ಣು ಮಾಡಿದ್ದನ್ನು ಬರೆದಿಟ್ಟದ್ದು ಕಡಿಮೆ. ಡಬ್ಲಿನ್‌ನವರು ಪುಣ್ಯವಂತರು, ಗ್ಲಾಸ್ನೆವಿನ್ ಸ್ಮಶಾನದ ದಾಖಲೆ 1832ರಿಂದಲೂ ಇದೆ.

ಗೆಳೆಯನಿಗೆ ಈಗ ಒಂದೇ ಊರಲ್ಲಿ ಇಬ್ಬರು ಬ್ರಿಜೆಟ್ ಸಿಕ್ಕಿದ್ದಾರೆ. ಇಬ್ಬರ ಅಪ್ಪನೂ ಪ್ಯಾಟ್ರಿಕ್!