ಮೇಷ್ಟ್ರ ಕ್ಯಾಸೆಟ್ಟಿನ ಮೇಲೆ ನನ್ನ ಹಾಡು

ನಮ್ಮ ಕನ್ನಡ ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರು. ಅವರು ಮಾಡಿದ ಪಾಠ ಒಂದೂ ನೆನಪಿಲ್ಲ. ನೆನಪಿರುವುದು ಅವರ ಟೇಪ್ ರೆಕಾರ್ಡರ್ ಮತ್ತು 'ನಿತ್ಯೋತ್ಸವ'. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ, 1978ರಲ್ಲಿ ಬಂದ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್. ಮೇಷ್ಟ್ರಿಗೆ ಅದು ಪ್ರಾಣ.

ಎಂಟನೇ ಕ್ಲಾಸಿನಲ್ಲಿ ನಾನು ಅದರ ಮೇಲೆ ನನ್ನದೇ ಹಾಡು ರೆಕಾರ್ಡ್ ಮಾಡಿಬಿಟ್ಟೆ. ಹಾಡು ಅಳಿಸದಿರಲಿ ಅಂತ ಕ್ಯಾಸೆಟ್ ಅಂಚಿನಲ್ಲಿ ಎರಡು ತೂತು ಇರುತ್ತವಲ್ಲ, ಅದಕ್ಕೆ ಕಾಗದ ತುರುಕಿದರೆ ಆಯ್ತು. ರಾಜ್ಯೋತ್ಸವದ ದಿನ ಇಡೀ ಶಾಲೆ ಸಾಲಾಗಿ ನಿಂತಿದೆ. ಮೈಕಿನಲ್ಲಿ 'ಜೋಗದ ಸಿರಿ' ಬರಬೇಕು. ಬಂದದ್ದು ಆಗಷ್ಟೇ ಒಡೆಯುತ್ತಿದ್ದ ನನ್ನ ದನಿ, ಜೊತೆಗೆ ಗೆಳೆಯನ ಡೆಸ್ಕ್ ತಬಲಾ!

ಹೆಡ್‌ಮಾಸ್ಟರು ಬೆತ್ತ ಹುಡುಕಿದರು. ಮೇಷ್ಟ್ರು ಮಾತ್ರ ಪೂರ್ತಿ ಕೇಳಿದರು. "ಪಲ್ಲವಿ ಪರವಾಗಿಲ್ಲ. ಚರಣದಲ್ಲಿ ಉಸಿರು ತಗೊಳ್ಳೋಕೆ ಜಾಗವೇ ಬಿಟ್ಟಿಲ್ವಲ್ಲೋ, ಕತ್ತೆ" ಅಂದರು. ಹೊಸ ಕ್ಯಾಸೆಟ್ಟಿನ ದುಡ್ಡನ್ನು ಅಪ್ಪನಿಂದ ವಸೂಲಿ ಮಾಡಿದ್ದು ಬೇರೆ ಮಾತು.

ಆಮೇಲೆ ಕಾಲೇಜು, ಬ್ಯಾಂಡು, ಮನೆಯಲ್ಲಿ ಜಗಳ. 2008ರಲ್ಲಿ ರಘು ದೀಕ್ಷಿತರ ಮೊದಲ ಆಲ್ಬಮ್ ಬಂತು. ಭರತನಾಟ್ಯ ಕಲಿತ, ಮೈಕ್ರೋಬಯಾಲಜಿ ಓದಿದ ಮೈಸೂರಿನವರು ಗಿಟಾರ್ ಹಿಡಿದು ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ಹಾಡಿದ್ದು ಕೇಳಿ ನನಗೂ ಧೈರ್ಯ ಬಂತು. ಅದೇ ವರ್ಷ ಅವರು 'ಸೈಕೋ' ಚಿತ್ರಕ್ಕೆ ಸಂಗೀತವನ್ನೂ ಕೊಟ್ಟರು. ಮೇಷ್ಟ್ರಿಗೆ ಹೇಳಿದರೆ, "ಅದೇನು ಹೊಸದೋ? ಸಂಗೀತ ಸಂಯೋಜಕ ಸಿ. ಅಶ್ವತ್ಥ್ ಐಟಿಐ ಟೆಲಿಫೋನ್ ಕಾರ್ಖಾನೇಲಿ ಕೆಲಸ ಮಾಡ್ತಾನೇ ತಾವೂ ಹಾಡಿದರು, ಸುಬ್ಬಣ್ಣ, ರತ್ನಮಾಲಾ ಕೈಲೂ ಹಾಡಿಸಿದರು" ಅಂತ ತಳ್ಳಿಹಾಕಿದರು.

ಈಗ ನನ್ನ ಪುಟ್ಟ ಸ್ಟುಡಿಯೋದಲ್ಲಿ ನನ್ನ ಹಾಡಿಗಿಂತ ಬೇರೆಯವರದ್ದೇ ಜಾಸ್ತಿ. ಹೀಗೆ ಹಾಡಿಸಿ, ರೆಕಾರ್ಡ್ ಮಾಡಿ, ತಿದ್ದಿ ಸಿದ್ಧಮಾಡುವವನಿಗೆ ಮ್ಯೂಸಿಕ್ ಪ್ರೊಡ್ಯೂಸರ್ ಅಂತಾರೆ. ಊರಲ್ಲಿ ಪ್ರೊಡ್ಯೂಸರ್ ಅಂದರೆ, "ಯಾವ ಸಿನಿಮಾಕ್ಕೆ ದುಡ್ಡು ಹಾಕಿದೀಯ?" ಅಂತಾರೆ. ಹೇಳಿಕೊಳ್ಳಬಾರದು, ನಾನು ಹಾಡಿಸಿದ ಮೂವರು ಇವತ್ತು ಸಿನಿಮಾದಲ್ಲಿ ಹಾಡುತ್ತಿದ್ದಾರೆ. ಆದರೆ ನನ್ನ ಮಗಳ ಶಾಲೆಯಲ್ಲಿ ಸಂಗೀತಕ್ಕೆ ವಾರಕ್ಕೊಂದೇ ಪೀರಿಯಡ್. ಪರೀಕ್ಷೆ ಹತ್ತಿರ ಬಂದರೆ ಅದೂ ಗಣಿತದ ಪಾಲು. ಡೆಸ್ಕ್ ಬಡಿದರೆ ಮನೆಗೆ ಮೆಸೇಜ್ ಬರುತ್ತೆ.

ಹೋದ ವರ್ಷ ಮೇಷ್ಟ್ರನ್ನು ನೋಡಲು ಹೋಗಿದ್ದೆ. ಹೊಸ ಹುಡುಗಿಯೊಬ್ಬಳ ಕೈಲಿ ಹಾಡಿಸಿದ್ದನ್ನು ಹೆಮ್ಮೆಯಿಂದ ಕೇಳಿಸಿದೆ. ಶ್ರುತಿ ತಿದ್ದಿ, ನಡುವಿನ ಉಸಿರಿನ ಸದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಕತ್ತರಿಸಿ ನುಣ್ಣಗೆ ಮಾಡಿದ್ದೆ. ಮೇಷ್ಟ್ರು ಫೋನನ್ನು ಕಿವಿಗೆ ಒತ್ತಿಕೊಂಡು ಕೊನೆತನಕ ಕೇಳಿದರು.

"ಈ ಮಗು ಉಸಿರೇ ಆಡೋದಿಲ್ವೇನೋ?"

ಅವತ್ತು ರಾತ್ರಿಯೇ ಸ್ಟುಡಿಯೋಗೆ ಹೋಗಿ ಕತ್ತರಿಸಿದ್ದನ್ನೆಲ್ಲ ಒಂದೊಂದಾಗಿ ವಾಪಸ್ ಕೂರಿಸಿದೆ. ಹದಿನೇಳು ಕಡೆ.